ತಟ್ಟೆಯಿಂದ ತೆಗೆಯುವ ಮೊದಲು ಸೇರಿಸಿ: ಪಿಸಿಒಎಸ್ ಇರುವ ಹುಡುಗಿಯರ ಊಟದ ಬಗ್ಗೆ

(ದಾವಣಗೆರೆಯ ಮಹಿಳಾ ಕಾಲೇಜೊಂದರಲ್ಲಿ ವಿದ್ಯಾರ್ಥಿನಿಯರು ಮತ್ತು ಅವರ ತಾಯಂದಿರ ಮುಂದೆ ಆಡಿದ ಮಾತಿನ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅಮ್ಮಂದಿರು ಮುಂದಿನ ಸಾಲಿನಲ್ಲಿದ್ದೀರಿ, ಮಕ್ಕಳು ಹಿಂದೆ ಕೂತಿದ್ದಾರೆ. ದಯವಿಟ್ಟು ಎದ್ದು ನಿಮ್ಮ ನಿಮ್ಮ ಮಗಳ ಪಕ್ಕ ಹೋಗಿ ಕೂತುಕೊಳ್ಳಿ. ನಾನು ಹೇಳುವುದರಲ್ಲಿ ಅರ್ಧ ಅವಳಿಗೆ, ಇನ್ನರ್ಧ ಮನೆಯಲ್ಲಿ ಸೌಟು ಹಿಡಿದವರಿಗೆ. "ಡಯೆಟ್ ಮಾಡು" ಅಂತ ಮಗಳಿಗೆ ಹೇಳಿ, ಮನೆಯಲ್ಲಿ ಮೂರು ಹೊತ್ತೂ ಅನ್ನವನ್ನೇ ಬಡಿಸಿದರೆ ಅವಳಾದರೂ ಏನು ಮಾಡಬೇಕು? ಒಂದು ಹೊತ್ತು ಊಟ ಬಿಡುತ್ತಾಳೆ. ಅದನ್ನೇ ಡಯೆಟ್ ಅಂದುಕೊಳ್ಳುತ್ತಾಳೆ.

ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಕಳಿಸಿ ಅಂತ ಮೊದಲೇ ಹೇಳಿದ್ದೆ. ತುಂಬಾ ಬಂದಿವೆ. ಜಾಸ್ತಿ ಚೀಟಿಗಳಲ್ಲಿ ಇರುವುದು ಒಂದೇ ಪ್ರಶ್ನೆ: "ಏನು ತಿನ್ನಬಾರದು?" ಏನು ತಿನ್ನಬೇಕು ಅಂತ ಕೇಳಿದವರು ಒಬ್ಬಿಬ್ಬರು. ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಅಂದ ಕೂಡಲೇ ನಮಗೆ ಬಿಡುವುದೇ ನೆನಪಾಗುತ್ತದೆ. ಅನ್ನ ಬಿಡು, ಹಾಲು ಬಿಡು, ಬಾಳೆಹಣ್ಣು ಬಿಡು, ರಾತ್ರಿ ಊಟ ಬಿಡು. ನಾನು ಇವತ್ತು ಅದಕ್ಕೆ ಉಲ್ಟಾ ಹೇಳಲು ಬಂದಿದ್ದೇನೆ.

ಮೊದಲು ಕಾಯಿಲೆ ಏನು ಅಂತ ಸ್ವಲ್ಪ ನೋಡೋಣ. ಪಿಸಿಒಡಿ ಅನ್ನಿ, ಪಿಸಿಒಎಸ್ ಅನ್ನಿ, ನಮ್ಮೂರಲ್ಲಿ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 1935ರಲ್ಲಿ ಅಮೆರಿಕದ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ವೈದ್ಯರು ಇದನ್ನು ವಿವರವಾಗಿ ಬರೆದರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 10ರಿಂದ 13 ಮಂದಿಗೆ ಇದು ಇದೆ. ಅವರಲ್ಲಿ ನೂರಕ್ಕೆ 70 ಮಂದಿಯವರೆಗೂ ತಮಗೆ ಇದೆ ಅನ್ನುವುದೇ ಗೊತ್ತಿಲ್ಲ. ಅಂದರೆ ಈ ಸಭಾಂಗಣದಲ್ಲಿ ಯಾರೂ ಒಂಟಿಯಲ್ಲ. ಪಕ್ಕದಲ್ಲಿ ಕೂತವಳಿಗೂ ಇರಬಹುದು. ಅವಳ ಅಮ್ಮನಿಗೂ ಇದ್ದಿರಬಹುದು, ಆಗ ಯಾರೂ ಕೇಳಿರಲಿಲ್ಲ ಅಷ್ಟೇ.

ಸ್ಕ್ಯಾನಿಂಗ್ ರಿಪೋರ್ಟ್ ನೋಡಿ "ನೀರಿನ ಗುಳ್ಳೆ ಇವೆಯಂತೆ, ಆಪರೇಷನ್ ಮಾಡಿ ತೆಗೀಬೇಕಾ?" ಅಂತ ಗಾಬರಿಯಾಗುವವರಿದ್ದಾರೆ. ಬೇಡ. ಅವು ಬಲಿಯದೆ ಅರ್ಧಕ್ಕೆ ನಿಂತ ಮೊಟ್ಟೆಯ ಸಣ್ಣ ಸಣ್ಣ ಚೀಲಗಳು. ಒಂದೊಂದೂ 2ರಿಂದ 9 ಮಿಲಿಮೀಟರ್ ಇರುತ್ತವೆ. ತಿಂಗಳಿಗೆ ಒಂದು ಬಲಿತು ಮೊಟ್ಟೆ ಹೊರಬರಬೇಕಿತ್ತು, ಬರಲಿಲ್ಲ, ಹಾಗೇ ಉಳಿದವು. ಅವು ಕಾಯಿಲೆಯ ಗುರುತು. ಕಾಯಿಲೆಯ ಬೇರು ಬಹಳ ಜನರಲ್ಲಿ ಬೇರೆ ಕಡೆ ಇದೆ.

ಆ ಬೇರು ಇನ್ಸುಲಿನ್. ನಾವು ಉಂಡ ಅನ್ನ, ರೊಟ್ಟಿ, ಸಕ್ಕರೆ ಎಲ್ಲ ಕೊನೆಗೆ ಗ್ಲೂಕೋಸ್ ಆಗಿ ರಕ್ತಕ್ಕೆ ಬರುತ್ತದೆ. ಅದನ್ನು ಒಳಗೆ ತೆಗೆದುಕೊಳ್ಳಿ ಅಂತ ಸ್ನಾಯುಗಳಿಗೆ ಹೇಳುವುದು ಇನ್ಸುಲಿನ್. ಪಿಸಿಒಎಸ್ ಇರುವ ಹೆಚ್ಚಿನವರಲ್ಲಿ ಸ್ನಾಯುಗಳಿಗೆ ಆ ಮಾತು ಸರಿಯಾಗಿ ಕೇಳಿಸುವುದಿಲ್ಲ. ಕಿವಿ ಮಂದವಾದ ಅಜ್ಜನಿಗೆ ಕೂಗಿ ಹೇಳುವ ಹಾಗೆ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಯುತ್ತದೆ. ಆದರೆ ಅದೇ ಮನೆಯಲ್ಲಿರುವ ಅಂಡಾಶಯದ ಕಿವಿ ಚುರುಕಾಗಿಯೇ ಇರುತ್ತದೆ. ಆ ಕೂಗು ಅದಕ್ಕೆ ಪೂರ್ತಿ ಕೇಳಿಸಿ, ಅದು ಬೇಕಾದ್ದಕ್ಕಿಂತ ಜಾಸ್ತಿ ಗಂಡು ಹಾರ್ಮೋನು ತಯಾರಿಸುತ್ತದೆ. ಗಂಡು ಹಾರ್ಮೋನು ಎಲ್ಲ ಹೆಂಗಸರಲ್ಲೂ ಸ್ವಲ್ಪ ಇದ್ದೇ ಇರುತ್ತದೆ, ಅದರಲ್ಲಿ ನಾಚಿಕೆ ಏನಿಲ್ಲ. ಇಲ್ಲಿ ಅದು ಹೆಚ್ಚಾಗುತ್ತದೆ. ಆ ಹಾರ್ಮೋನನ್ನು ಹಿಡಿದಿಡುವ ಒಂದು ಪ್ರೋಟೀನನ್ನು ಲಿವರ್ ತಯಾರಿಸುತ್ತದೆ. ಇನ್ಸುಲಿನ್ ಜಾಸ್ತಿಯಾದರೆ ಅದೂ ಕಮ್ಮಿಯಾಗುತ್ತದೆ. ಹಾಗಾಗಿ ಗಲ್ಲದ ಮೇಲೆ ಕೂದಲು, ಹೋಗದ ಮೊಡವೆ, ತಲೆಯ ನಡುವೆ ಕೂದಲು ತೆಳುವಾಗುವುದು, ಮುಟ್ಟು ಮುಂದೆ ಮುಂದೆ ಹೋಗುವುದು.

ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗುತ್ತದಲ್ಲ, ಅದೂ ಇದೇ ಇನ್ಸುಲಿನ್ ಕೆಲಸ. ಅಮ್ಮಂದಿರೇ, ಅದು ಕೊಳೆ ಅಲ್ಲ. ಕಲ್ಲು, ನಾರು, ಕಡಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ಆ ಮಗುವಿನ ಚರ್ಮ ಕೆತ್ತಬೇಡಿ. "ಸರಿಯಾಗಿ ಸ್ನಾನ ಮಾಡಲ್ಲ" ಅಂತ ನೆಂಟರ ಮುಂದೆ ಅನ್ನಲೂ ಬೇಡಿ. ಅದು ಒಳಗಿನಿಂದ ಬಂದ ಸೂಚನೆ, ಒಳಗೆ ಸರಿಯಾದರೆ ನಿಧಾನವಾಗಿ ತಿಳಿಯಾಗುತ್ತದೆ.

ಹಾಗಾದರೆ ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು? ಇದಕ್ಕೆ ಲೆಕ್ಕ ಇದೆ, ಬರೆದುಕೊಳ್ಳಿ. ಮೈನೆರೆದ ಮೊದಲ ವರ್ಷ ಮುಟ್ಟು ಹೇಗೆ ಬಂದರೂ ಸಾಮಾನ್ಯವಾಗಿ ಹೆದರಬೇಕಿಲ್ಲ. ಒಂದರಿಂದ ಮೂರು ವರ್ಷದೊಳಗೆ 21ರಿಂದ 45 ದಿನಕ್ಕೊಮ್ಮೆ ಬಂದರೆ ಸರಿ. ಮೂರು ವರ್ಷ ದಾಟಿದ ಮೇಲೆ 21ರಿಂದ 35 ದಿನ, ವರ್ಷಕ್ಕೆ ಕನಿಷ್ಠ 8 ಸಲ. ಮೊದಲ ವರ್ಷ ಕಳೆದ ಮೇಲೆ ಒಂದೇ ಒಂದು ಸಲ 90 ದಿನ ದಾಟಿದರೂ ತೋರಿಸಬೇಕು. 15 ವರ್ಷವಾದರೂ ಮೈನೆರೆದಿಲ್ಲ ಅಂದರೂ ತೋರಿಸಬೇಕು.

ಪಿಸಿಒಎಸ್ ಅಂತ ಹೇಳಲು ದೊಡ್ಡವರಲ್ಲಿ ಮೂರು ಗುರುತುಗಳಲ್ಲಿ ಎರಡು ಇರಬೇಕು. ಮುಟ್ಟು ಏರುಪೇರು, ಗಂಡು ಹಾರ್ಮೋನು ಜಾಸ್ತಿ ಇರುವ ಲಕ್ಷಣ ಅಥವಾ ರಕ್ತ ಪರೀಕ್ಷೆ, ಮತ್ತು ಸ್ಕ್ಯಾನಿಂಗ್. 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಹಾಕಿಕೊಟ್ಟ ಲೆಕ್ಕ ಇದು. 2023ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ದೊಡ್ಡವರಲ್ಲಿ ಸ್ಕ್ಯಾನಿಂಗ್ ಬದಲು ಎಎಂಎಚ್ ಅನ್ನುವ ರಕ್ತ ಪರೀಕ್ಷೆಯನ್ನೂ ಒಪ್ಪುತ್ತದೆ. ಹದಿಹರೆಯದವರಿಗೆ ನಿಯಮ ಬೇರೆ. ಮೈನೆರೆದು 8 ವರ್ಷ ಆಗುವ ತನಕ ಸ್ಕ್ಯಾನಿಂಗ್ ನೋಡಿ ಪಿಸಿಒಎಸ್ ಅನ್ನಬಾರದು. ಆ ವಯಸ್ಸಿನಲ್ಲಿ ಆರೋಗ್ಯವಾಗಿರುವ ಹುಡುಗಿಯರ ಅಂಡಾಶಯವೂ ಹಾಗೇ ಕಾಣಬಹುದು. ಮೊದಲ ಎರಡೂ ಗುರುತು ಅವರಲ್ಲಿ ಇರಲೇಬೇಕು. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹದಿನಾರು ವರ್ಷದ ಹುಡುಗಿಯ ಕೈಗೆ ಸ್ಕ್ಯಾನಿಂಗ್ ರಿಪೋರ್ಟ್ ಕೊಟ್ಟು "ನಿನಗೆ ಮುಂದೆ ಮಕ್ಕಳಾಗುವುದು ಕಷ್ಟ" ಅಂತ ಯಾರೋ ಹೇಳಿಬಿಡುತ್ತಾರೆ. ಆ ಮಗು ಅದನ್ನು ಹೊತ್ತುಕೊಂಡು ಪಿಯುಸಿ ಓದಬೇಕು. ಅನ್ಯಾಯ ಅಲ್ವಾ? ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿಗೆ ಸಂಬಂಧಿಸಿದ ಹಾರ್ಮೋನು) ಏರುಪೇರಾದರೂ ಮುಟ್ಟು ನಿಲ್ಲಬಹುದು. ಅವನ್ನೂ ನೋಡಿಯೇ ತೀರ್ಮಾನಕ್ಕೆ ಬರಬೇಕು.

ಇನ್ನೊಂದು ತಪ್ಪು ತಿಳಿವಳಿಕೆ, ಇದು ದಪ್ಪ ಇರುವವರಿಗೆ ಮಾತ್ರ ಬರುತ್ತದೆ ಅನ್ನುವುದು. ತೆಳ್ಳಗಿರುವವರಿಗೂ ಬರುತ್ತದೆ. ಅಮ್ಮ, ಅಕ್ಕನಿಗೆ ಇದ್ದರೆ ಬರುವ ಸಾಧ್ಯತೆ ಜಾಸ್ತಿ. ಮನೆಯಲ್ಲಿ ಶುಗರ್ ಇದ್ದವರಿದ್ದರೆ ಇನ್ನೂ ಎಚ್ಚರ ಬೇಕು. "ತಿಂದು ತಿಂದು ತಂದುಕೊಂಡಳು" ಅನ್ನುವ ಮಾತು ಸುಳ್ಳು, ಕೆಟ್ಟದ್ದೂ ಹೌದು.

ಈಗ ಊಟಕ್ಕೆ ಬರೋಣ. ನಮ್ಮ ಕಡೆಯ ಒಬ್ಬ ಕಾಲೇಜು ಹುಡುಗಿಯ ಒಂದು ದಿನ ತೆಗೆದುಕೊಳ್ಳಿ. ಜಗಳೂರು ಕಡೆಯಿಂದಲೋ ಹೊನ್ನಾಳಿ ಕಡೆಯಿಂದಲೋ ಬೆಳಿಗ್ಗೆ ಬಸ್ಸು ಹಿಡಿಯಬೇಕು. ಎದ್ದ ಕೂಡಲೇ ಟೀ, ಎರಡು ಬಿಸ್ಕತ್ತು. ತಿಂಡಿಗೆ ಟೈಮಿಲ್ಲ. ಡಬ್ಬಿಯಲ್ಲಿ ಚಿತ್ರಾನ್ನ ಇಲ್ಲವೇ ಪುಳಿಯೋಗರೆ. ಸಂಜೆ ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ, ಮಿರ್ಚಿ, ಇನ್ನೊಂದು ಟೀ. ರಾತ್ರಿ ಅನ್ನ, ತಿಳಿಸಾರು, ಹಪ್ಪಳ. ಇಡೀ ದಿನ ಎಷ್ಟು ಕಾಳು ತಿಂದಳು? ಎಷ್ಟು ಸೊಪ್ಪು? ತಿಳಿಸಾರಿನಲ್ಲಿ ಬೇಳೆ ಹುಡುಕಬೇಕು. ಅವಳು ಜಾಸ್ತಿ ತಿನ್ನಲಿಲ್ಲ, ಗಮನಿಸಿ. ಬರೀ ಅಕ್ಕಿಯನ್ನೇ ಬೇರೆ ಬೇರೆ ವೇಷದಲ್ಲಿ ತಿಂದಳು.

ಇದು ಅವಳೊಬ್ಬಳ ಕಥೆ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಇಂಡಿಯಾಬ್ ಅನ್ನುವ ಶುಗರ್ ಕಾಯಿಲೆಯ ಸಮೀಕ್ಷೆಯಲ್ಲಿ ಭಾರತೀಯರಿಗೆ ಊಟದಿಂದ ಸಿಗುವ ಶಕ್ತಿಯಲ್ಲಿ ಸುಮಾರು ನೂರಕ್ಕೆ 62 ಭಾಗ ಅಕ್ಕಿ, ಗೋಧಿ, ಸಕ್ಕರೆಯಲ್ಲಿರುವ ಶರ್ಕರಪಿಷ್ಟದಿಂದ (ಕಾರ್ಬೋಹೈಡ್ರೇಟ್) ಬರುತ್ತದೆ ಅಂತ ಕಂಡಿದೆ. ಪ್ರೋಟೀನ್‌ನಿಂದ ಬರುವುದು 12 ಭಾಗ. ನಮ್ಮ ಜಿಲ್ಲೆಯಲ್ಲಿ ಭದ್ರಾ ಕಾಲುವೆ ನೀರು ಹರಿದ ಕಡೆ ಭತ್ತ ಬಂತು. ರೇಷನ್ ಅಂಗಡಿಯಲ್ಲೂ ಅಕ್ಕಿ. ನಾನು ರೇಷನ್ ಅಕ್ಕಿಯನ್ನು ಬೈಯುವವಳಲ್ಲ, ಹಸಿವು ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ ತಟ್ಟೆಗೆ ಅಕ್ಕಿ ಸುಲಭವಾಗಿ ಬಂದಷ್ಟು ಕಾಳು ಬರಲಿಲ್ಲ. ಹಾಗಂತ "ಅಜ್ಜಿ ಕಾಲದ ಊಟವೇ ಮದ್ದು" ಅಂತಲೂ ಹೇಳುವುದಿಲ್ಲ. ಅಜ್ಜಿ ಜೋಳದ ರೊಟ್ಟಿ ತಿಂದು ಹೊಲದಲ್ಲಿ ಕಳೆ ತೆಗೆಯುತ್ತಿದ್ದರು, ಬಾವಿಯಿಂದ ನೀರು ಹೊರುತ್ತಿದ್ದರು. ನಾವು ಅದೇ ರೊಟ್ಟಿ ತಿಂದು ಮೊಬೈಲ್ ಹಿಡಿದು ಕೂರುತ್ತೇವೆ.

ಮಂಡಕ್ಕಿ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ, ಯಾಕೆಂದರೆ ದಾವಣಗೆರೆಯಲ್ಲಿ ನಿಂತು ಮಂಡಕ್ಕಿ ಬಿಡಿ ಅಂದರೆ ನನ್ನನ್ನು ಊರಿಂದ ಆಚೆ ಹಾಕುತ್ತೀರಿ. ಒಂದು ಚೀಟಿಯಲ್ಲಿ ಹೀಗಿದೆ: "ತೂಕ ಇಳಿಸಲು ರಾತ್ರಿ ಊಟ ಬಿಟ್ಟು ಮಂಡಕ್ಕಿ ತಿನ್ನುತ್ತೇನೆ, ಅದು ಹಗುರ ಅಲ್ವಾ?" ಕೈಗೆ ಹಗುರ, ನಿಜ. ಮಂಡಕ್ಕಿ ಅಂದರೆ ಬೇಯಿಸಿ ಒಣಗಿಸಿದ ಅಕ್ಕಿಯನ್ನು ಬಿಸಿ ಮರಳಿನಲ್ಲಿ ಹುರಿದು ಅರಳಿಸಿದ್ದು. ಅದಾಗಲೇ ಅರಳಿ ಬಿರಿದಿರುವುದರಿಂದ ಹೊಟ್ಟೆಯಲ್ಲಿ ಬೇಗ ಕರಗುತ್ತದೆ, ರಕ್ತದಲ್ಲಿ ಸಕ್ಕರೆ ಬೇಗ ಏರುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಹಸಿವು. ಬರೀ ಮಂಡಕ್ಕಿ ಊಟ ಆಗುವುದಿಲ್ಲ. ಜೊತೆಗೆ ಎರಡು ಮಿರ್ಚಿ ಬಜ್ಜಿ ಸೇರಿದರೆ ಎಣ್ಣೆಯ ಲೆಕ್ಕ ಬೇರೆ.

ಹಾಗಾದರೆ ಏನು ಮಾಡುವುದು? ಮಂಡಕ್ಕಿ ಅರ್ಧ ಮಾಡಿ. ಅದಕ್ಕೆ ಒಂದು ಹಿಡಿ ಹುರಿಗಡಲೆ, ಒಂದು ಹಿಡಿ ಹುರಿದ ಶೇಂಗಾ ಹಾಕಿ. ಈರುಳ್ಳಿ, ಟೊಮೆಟೊ, ಸೌತೆಕಾಯಿ, ಕ್ಯಾರೆಟ್ ತುರಿ, ಕೊತ್ತಂಬರಿ ಧಾರಾಳವಾಗಿ ಹಾಕಿ, ನಿಂಬೆಹಣ್ಣು ಹಿಂಡಿ. ಮೊಳಕೆ ಬಂದ ಹೆಸರುಕಾಳು ಇದ್ದರೆ ಇನ್ನೂ ಒಳ್ಳೆಯದು. ಮಿರ್ಚಿ ಒಂದಿರಲಿ, ಅದೂ ದಿನಾ ಬೇಡ. ಕಾಳು, ನಾರು, ಎಣ್ಣೆಕಾಳು ಜೊತೆಗಿದ್ದಾಗ ಅದೇ ಅಕ್ಕಿ ನಿಧಾನವಾಗಿ ಕರಗುತ್ತದೆ. ನಾನು ಸೇರಿಸಿ ಅಂದದ್ದು ಇದನ್ನೇ.

ಬೆಣ್ಣೆ ದೋಸೆ? ನಗಬೇಡಿ, ಐದಾರು ಚೀಟಿ ಇದರ ಮೇಲೇ ಇವೆ. ಎಲ್ಲರೂ ಬೆಣ್ಣೆಯನ್ನೇ ಬೈಯುತ್ತಾರೆ. ಹಿಟ್ಟನ್ನು ನೋಡಿ: ಅಕ್ಕಿ, ಉದ್ದು, ಮಂಡಕ್ಕಿ. ಪಕ್ಕದಲ್ಲಿ ಆಲೂಗೆಡ್ಡೆ ಪಲ್ಯ. ಪಿಷ್ಟದ ಮೇಲೆ ಪಿಷ್ಟ, ಅದರ ಮೇಲೆ ಬೆಣ್ಣೆ. ದಿನದ ತಿಂಡಿ ಅಲ್ಲ ಇದು. ಯಾವಾಗಲೋ ಒಮ್ಮೆ ಗೆಳತಿಯರ ಜೊತೆ ಹೋಗಿ ತಿನ್ನಿ, ಒಂದು ಸಾಕು, ಖುಷಿಯಾಗಿ ತಿನ್ನಿ. ತಿಂದು ಬಂದು ಮನೆಯಲ್ಲಿ ಅಳುತ್ತಾ ರಾತ್ರಿ ಉಪವಾಸ ಕೂರಬೇಡಿ. ದೋಸೆಗಿಂತ ಆ ಉಪವಾಸವೇ ಜಾಸ್ತಿ ಹಾಳು ಮಾಡುತ್ತದೆ.

ಪ್ರೋಟೀನ್ ಎಷ್ಟು ಬೇಕು? ಐಸಿಎಂಆರ್ ಲೆಕ್ಕದಲ್ಲಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. 50 ಕಿಲೋ ಇರುವ ಹುಡುಗಿಗೆ ಸುಮಾರು 42 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ. 30 ಗ್ರಾಂ ಶೇಂಗಾದಲ್ಲಿ 7 ಗ್ರಾಂ ದಾಟುತ್ತದೆ. ಅಷ್ಟೇ ತೂಕದ ಬೇಳೆಯಲ್ಲೂ ಸುಮಾರು 7. ಸೋಯಾ ಚಂಕ್ಸ್ 30 ಗ್ರಾಂ ಹಾಕಿದರೆ 15 ಗ್ರಾಂ. ಚಳ್ಳಕೆರೆ, ಚಿತ್ರದುರ್ಗದ ಕಡೆ ಶೇಂಗಾ ಬೆಳೆದು ಕೊಡುತ್ತಾರೆ, ನಾವು ಅದರ ಎಣ್ಣೆ ಮಾತ್ರ ತಿಂದು ಕಾಳು ಮರೆಯುತ್ತೇವೆ. ಪ್ರೋಟೀನ್ ಪೌಡರ್ ಡಬ್ಬಕ್ಕೆ ಸಾವಿರಗಟ್ಟಲೆ ಕೊಡುವ ಮೊದಲು ಅಡುಗೆಮನೆಯ ಡಬ್ಬ ತೆಗೆದು ನೋಡಿ. ಶೇಂಗಾ ಚಟ್ನಿಪುಡಿ, ಅಗಸಿ ಪುಡಿ, ಗುರೆಳ್ಳು ಪುಡಿ ಇರುತ್ತವೆ. ಮೊಸರಿಗೆ ಕಲಸಿ ರೊಟ್ಟಿ ಜೊತೆ ತಿಂದರೆ ಯಾರಿಗೂ ಅದು ಡಯೆಟ್ ಅನಿಸುವುದೇ ಇಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಅರ್ಧ ತಟ್ಟೆ ತರಕಾರಿ, ಸೊಪ್ಪು, ಹಣ್ಣು ಇರಲಿ ಅಂತ ಇದೆ. ನಮ್ಮ ತಟ್ಟೆಯಲ್ಲಿ ಪಲ್ಯ ಉಪ್ಪಿನಕಾಯಿಯಷ್ಟು ಇರುತ್ತದೆ. ಅದನ್ನು ಸೌಟಿನ ಲೆಕ್ಕಕ್ಕೆ ತನ್ನಿ. ಮೆಂತ್ಯ ಸೊಪ್ಪು, ಹುಳಿಸೊಪ್ಪು, ಹೀರೇಕಾಯಿ, ಚೌಳಿಕಾಯಿ, ಏನು ಅಗ್ಗವೋ ಅದು. ಉಣ್ಣುವಾಗ ಮೊದಲು ಪಲ್ಯ, ಕಾಳು ತಿನ್ನಿ, ಆಮೇಲೆ ಅನ್ನಕ್ಕೆ ಹೋಗಿ. ಹಾಗೆ ಮಾಡಿದರೆ ಊಟದ ನಂತರ ಸಕ್ಕರೆ ಕಮ್ಮಿ ಏರುತ್ತದೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಖರ್ಚಿಲ್ಲದ ಉಪಾಯ.

ಸಿರಿಧಾನ್ಯದ ಬಗ್ಗೆ ಒಬ್ಬರು ತಾಯಿ ಕೇಳಿದರು. ಹೊಸದುರ್ಗದ ಕಡೆ ಸಾವೆ ಬೆಳೆಯುತ್ತಾರೆ, ನವಣೆಯೂ ಸಿಗುತ್ತದೆ. ಒಳ್ಳೆಯದೇ, ನಾರಿನಂಶ ಇದೆ, ತಿನ್ನಿ. ಆದರೆ ಅದು ಮಂತ್ರದ ಕಾಳಲ್ಲ. ನವಣೆ ಅನ್ನವನ್ನೇ ಎರಡು ತಟ್ಟೆ ಉಂಡರೆ ಅದೂ ಪಿಷ್ಟವೇ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೆಳೆಯುವ ಮಕ್ಕಳಿಗೆ ತುಂಬಾ ಬೇಕು. ಆದರೆ ದೊಡ್ಡ ಮುದ್ದೆ, ನೀರು ಸಾರು ಅಂದರೆ ಸಾಲದು. ಮುದ್ದೆ ಚಿಕ್ಕದಾಗಲಿ, ಬಸ್ಸಾರಿನ ಕಾಳು ಪಲ್ಯ ದೊಡ್ಡದಾಗಲಿ. ದುಬಾರಿಯಾದರೆ ಸಿರಿಧಾನ್ಯ ಇಲ್ಲದೆಯೂ ನಡೆಯುತ್ತದೆ.

ಬೆಲ್ಲ, ಸಕ್ಕರೆ ಎರಡೂ ಇನ್ಸುಲಿನ್‌ಗೆ ಒಂದೇ. ಜೇನುತುಪ್ಪವೂ ಅಷ್ಟೇ. ದಿನಕ್ಕೆ ನಾಲ್ಕು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದರೆ 40 ಗ್ರಾಂ ಆಯಿತು. 25 ಗ್ರಾಂ ಒಳಗಿರಲಿ ಅನ್ನುತ್ತದೆ ಪೋಷಣಾ ಸಂಸ್ಥೆಯ ಮಾರ್ಗಸೂಚಿ. ಒಂದೇ ದಿನಕ್ಕೆ ಬಿಡಬೇಡಿ, ವಾರಕ್ಕೆ ಅರ್ಧ ಚಮಚ ಇಳಿಸಿ, ನಾಲಿಗೆ ಒಗ್ಗುತ್ತದೆ. ಹಣ್ಣು ಇಡಿಯಾಗಿ ತಿನ್ನಿ, ಜ್ಯೂಸ್ ಬೇಡ. ಬಾಳೆಹಣ್ಣು ತಿನ್ನಬಹುದು. ಹಾಲು, ಮೊಸರು ಬಿಡುವ ಅಗತ್ಯ ಇಲ್ಲ. ಗೋಧಿ ಬಿಡಬೇಕಾಗಿಲ್ಲ. 2023ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ: ಪಿಸಿಒಎಸ್‌ಗೆ ಇಂಥದ್ದೇ ಡಯೆಟ್ ಮಿಕ್ಕಿದ್ದಕ್ಕಿಂತ ಶ್ರೇಷ್ಠ ಅನ್ನಲು ಆಧಾರ ಇಲ್ಲ. ನಿಮ್ಮ ಮನೆಗೆ ಒಗ್ಗಿ, ವರ್ಷಗಟ್ಟಲೆ ನಡೆಯುವ ಊಟವೇ ನಿಮ್ಮ ಡಯೆಟ್. ಮೊಬೈಲಿನಲ್ಲಿ "21 ದಿನದಲ್ಲಿ ಪಿಸಿಒಡಿ ಮಾಯ" ಅಂತ ಮಾರುವ ಪುಡಿ, ಕಷಾಯ, ಟೀಗಳಿಗೆ ದುಡ್ಡು ಹಾಕಬೇಡಿ. ಅದರೊಳಗೆ ಏನಿದೆ ಅಂತ ಡಬ್ಬದ ಮೇಲೂ ಸರಿಯಾಗಿ ಬರೆದಿರುವುದಿಲ್ಲ. ಮೆಂತ್ಯದ ನೀರು ಕುಡಿಯುತ್ತೀರಾ, ಕುಡಿಯಿರಿ, ಆದರೆ ಅದೊಂದನ್ನೇ ನಂಬಿ ಊಟ ಹಾಗೇ ಬಿಡಬೇಡಿ.

ರಕ್ತಹೀನತೆ ಬಗ್ಗೆ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಪಿಸಿಒಎಸ್‌ನಲ್ಲಿ ಎರಡು ಮೂರು ತಿಂಗಳು ಬಿಟ್ಟು ಮುಟ್ಟಾದಾಗ ಕೆಲವರಿಗೆ ಹತ್ತು ಹದಿನೈದು ದಿನ ಹೋಗುತ್ತದೆ. ಸುಸ್ತು ಅಂದರೆ "ಸೋಮಾರಿ" ಅನ್ನುವ ಮೊದಲು ಹಿಮೋಗ್ಲೋಬಿನ್ ನೋಡಿಸಿ. ಊಟದ ಜೊತೆ ಟೀ ಕುಡಿದರೆ ಕಬ್ಬಿಣದಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದು ಗಂಟೆ ಬಿಡುವು ಕೊಡಿ. ಸೊಪ್ಪು, ಕಾಳಿನ ಮೇಲೆ ನಿಂಬೆ ಹಿಂಡಿದರೆ ಚೆನ್ನಾಗಿ ಹತ್ತುತ್ತದೆ.

ತೂಕದ ಮಾತು ಎತ್ತಲೇಬೇಕು. ತೂಕ ಜಾಸ್ತಿ ಇರುವ ದೊಡ್ಡವರಲ್ಲಿ ನೂರಕ್ಕೆ 5 ಭಾಗ ಇಳಿದರೂ ಮುಟ್ಟು ಸರಿಹೋಗಲು ಸಹಾಯವಾಗುತ್ತದೆ. 70 ಕಿಲೋ ಇದ್ದರೆ ಮೂರೂವರೆ ಕಿಲೋ. ಇಪ್ಪತ್ತು ಕಿಲೋ ಇಳಿಸಬೇಕು ಅಂತ ಯಾರೂ ಹೇಳಿಲ್ಲ. ಇನ್ನೂ ಬೆಳೆಯುತ್ತಿರುವ ಹುಡುಗಿಯರಿಗೆ ಇಳಿಸುವುದಕ್ಕಿಂತ ಮುಂದೆ ವಿಪರೀತ ಏರದಂತೆ ನೋಡಿಕೊಳ್ಳುವುದು ಮುಖ್ಯ. ಊಟ ಬದಲಾಯಿಸಿ, ಓಡಾಡಿ, ತೂಕ ಒಂದು ಗ್ರಾಂ ಇಳಿಯದಿದ್ದರೂ ಒಳಗೆ ಲಾಭ ಆಗುತ್ತಿರುತ್ತದೆ. ಇನ್ಸುಲಿನ್ ಜಾಸ್ತಿ ಇರುವವರಿಗೆ ತೂಕ ಇಳಿಸುವುದು ಬೇರೆಯವರಿಗಿಂತ ಕಷ್ಟ ಅನಿಸಬಹುದು. ಹೊಟ್ಟೆಗೆ ಕಮ್ಮಿ ಹಾಕಿ ಹಾಕಿ ಕೊನೆಗೆ ಒಂದು ದಿನ ತಡೆಯಲಾರದೆ ಸಿಕ್ಕಿದ್ದೆಲ್ಲ ತಿನ್ನುವುದು, ಆಮೇಲೆ ಅಳುವುದು ಈ ಹುಡುಗಿಯರಲ್ಲಿ ಜಾಸ್ತಿ. ಅದೂ ಚಿಕಿತ್ಸೆ ಬೇಕಾದ ತೊಂದರೆಯೇ.

ವ್ಯಾಯಾಮ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥದ್ದು, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವಂಥದ್ದು. ಹದಿಹರೆಯದವರಿಗೆ ದಿನಕ್ಕೆ 60 ನಿಮಿಷ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಹೇಳುವ ತನಕ ಕಾಯುವುದಿಲ್ಲ, ತಾನೇ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಅದಕ್ಕೇ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಉಪಯೋಗ. ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ನೋಡಿ, ಅಪ್ಪಂದಿರೇ ಜಾಸ್ತಿ ಇರುತ್ತಾರೆ. ಮಗಳನ್ನೂ ಕರೆದುಕೊಂಡು ಹೋಗಿ ಅಂತ ಅವರಿಗೆ ಮನೆಯಲ್ಲಿ ಹೇಳಿ. ಹೊರಗೆ ಹೋಗಲು ಆಗದವರಿಗೆ ಮನೆಯಲ್ಲೇ ಬಸ್ಕಿ, ಮೆಟ್ಟಿಲು, ಹಗ್ಗದಾಟ. ಹೈಸ್ಕೂಲಿನಲ್ಲಿ ಕೊಕ್ಕೊ ಆಡುತ್ತಿದ್ದ ಹುಡುಗಿಯರನ್ನು ಪಿಯುಸಿಗೆ ಬಂದ ಕೂಡಲೇ ನಾವು ಕೂರಿಸಿಬಿಡುತ್ತೇವೆ. ನನ್ನ ಮಟ್ಟಿಗೆ ಇದು ಬೆಣ್ಣೆ ದೋಸೆಗಿಂತ ದೊಡ್ಡ ತಪ್ಪು.

ಮಾತ್ರೆ ಬಗ್ಗೆ ಅಮ್ಮಂದಿರ ಭಯ ನನಗೆ ಗೊತ್ತು. "ಮದ್ವಿ ಆಗದ ಹುಡುಗಿಗೆ ಮಕ್ಕಳಾಗದ ಮಾತ್ರೆ ಯಾಕ್ರೀ ಮೇಡಂ?" ಮೂರು ತಿಂಗಳಿಗೂ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಮುಂದೆ ಆ ಪದರದ ಕ್ಯಾನ್ಸರ್ ಸಾಧ್ಯತೆಯೂ ಹೆಚ್ಚುತ್ತದೆ. ಆ ಮಾತ್ರೆ ಪದರವನ್ನು ಕಾಯುತ್ತದೆ, ಗಂಡು ಹಾರ್ಮೋನನ್ನೂ ತಗ್ಗಿಸುತ್ತದೆ. ನಿಲ್ಲಿಸಿದ ಮೇಲೆ ಮಕ್ಕಳಾಗುವುದಕ್ಕೆ ಅದು ಅಡ್ಡಿ ಮಾಡುವುದಿಲ್ಲ. ಆದರೆ ಕೆಲವು ಥರದ ಮೈಗ್ರೇನ್, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಆಗಿಬರುವುದಿಲ್ಲ. ಆದ್ದರಿಂದ ಡಾಕ್ಟರ್ ಕೇಳದೆ ಮೆಡಿಕಲ್ ಶಾಪಿನಿಂದ ತರಬೇಡಿ, ಗೆಳತಿಯದ್ದು ತೆಗೆದುಕೊಳ್ಳಬೇಡಿ. ಇನ್ಸುಲಿನ್ ಕೆಲಸಕ್ಕೆ ನೆರವಾಗುವ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟಿದ್ದರೆ ಊಟದ ಜೊತೆ ತೆಗೆದುಕೊಳ್ಳಿ, ಶುರುವಿನಲ್ಲಿ ಹೊಟ್ಟೆ ತೊಳಸಬಹುದು. ಬಹಳ ಕಾಲ ತೆಗೆದುಕೊಂಡರೆ ಬಿ12 ವಿಟಮಿನ್ ಕಮ್ಮಿಯಾಗಬಹುದು. ಸಸ್ಯಾಹಾರಿಗಳು ಅದನ್ನು ಪರೀಕ್ಷೆ ಮಾಡಿಸಿಕೊಳ್ಳಿ.

"ಮದ್ವಿ ಆದ್ರೆ ಎಲ್ಲಾ ಸರಿ ಹೋಗ್ತತಿ ಬಿಡ್ರಿ" ಅನ್ನುವ ಮಾತಿದೆಯಲ್ಲ, ಅದು ಸರಿಯಲ್ಲ. ಮದುವೆ ಇನ್ಸುಲಿನ್ ಸರಿ ಮಾಡುವುದಿಲ್ಲ. "ಇವಳಿಗೆ ಮಕ್ಕಳಾಗಲ್ಲ" ಅನ್ನುವುದೂ ಸರಿಯಲ್ಲ. ಹೆಚ್ಚಿನವರಿಗೆ ಮಕ್ಕಳಾಗುತ್ತವೆ. ಮೊಟ್ಟೆ ಬಿಡುಗಡೆಯಾಗಲು ಕೆಲವರಿಗೆ ಮಾತ್ರೆಯ ಸಹಾಯ ಬೇಕಾಗುತ್ತದೆ, ಅಷ್ಟೇ. ಹದಿನೆಂಟು ವರ್ಷದ ಹುಡುಗಿಯ ಜೊತೆ ಇದರ ಬಗ್ಗೆ ಮಾತಾಡುವಾಗ ಮಗುವಿನ ವಿಷಯ ಮೊದಲ ವಾಕ್ಯದಲ್ಲಿ ಯಾಕೆ ಬರಬೇಕು? ಅವಳ ಶುಗರ್, ಬಿಪಿ, ಮನಸ್ಸು ಮೊದಲು ಬರಲಿ. ಈ ತೊಂದರೆ ಇರುವವರಲ್ಲಿ ಖಿನ್ನತೆ, ಆತಂಕ ಜಾಸ್ತಿ. ಮನೆಯವರು ಮುಖದ ಕೂದಲು, ಮೈ ಬಗ್ಗೆ ಮಾತಾಡುವುದು ನಿಲ್ಲಿಸಿದರೆ ಅರ್ಧ ಭಾರ ಇಳಿಯುತ್ತದೆ. ಥ್ರೆಡಿಂಗ್ ಮಾಡಿಸಿದರೆ ಕೂದಲು ದಪ್ಪ ಬರುತ್ತದೆ ಅನ್ನುವುದು ಸುಳ್ಳು, ಬೇಕಿದ್ದರೆ ಮಾಡಿಸಲಿ. ಮನಸ್ಸಿಗೆ ತೀರಾ ಕಷ್ಟವಾದರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಚೀಟಿ. "ಆಸ್ಪತ್ರೆಗೆ ಹೋದರೆ ಏನು ಹೇಳಬೇಕು, ಏನು ಪರೀಕ್ಷೆ ಮಾಡುತ್ತಾರೆ?" ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಅಂತ ಇರುತ್ತದೆ, ಅಲ್ಲಿ ವಿಚಾರಿಸಿ. ಇಲ್ಲವೇ ಸ್ತ್ರೀರೋಗ ತಜ್ಞರನ್ನು ನೋಡಿ. ಹೋಗುವ ಮೊದಲು ಹಿಂದಿನ ಆರು ಮುಟ್ಟಿನ ತಾರೀಖು, ಎಷ್ಟು ದಿನ ಹೋಯಿತು, ಮನೆಯಲ್ಲಿ ಯಾರಿಗೆ ಶುಗರ್ ಇದೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಇಷ್ಟು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಿಪಿ ನೋಡುತ್ತಾರೆ, ಕೊಬ್ಬಿನ ಪರೀಕ್ಷೆ ಇರಬಹುದು. ಶುಗರ್‌ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ತೆಗೆದು, 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬಿಟ್ಟು ಇನ್ನೊಮ್ಮೆ ತೆಗೆಯುವ ಪರೀಕ್ಷೆಯೇ ಇವರಿಗೆ ಸರಿಯಾದದ್ದು. ಬರೀ ಖಾಲಿ ಹೊಟ್ಟೆಯದ್ದು ನೋಡಿದರೆ ಕೆಲವರದ್ದು ತಪ್ಪಿಹೋಗುತ್ತದೆ. ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಆ ಎರಡು ಗಂಟೆ ಏನೂ ತಿನ್ನಬೇಡಿ, ಸುಮ್ನೆ ಕೂತಿರಿ, ಆಚೆ ಹೋಗಿ ಟೀ ಕುಡಿಯಬೇಡಿ. ಬೆಳಿಗ್ಗೆ ಬೇಗ ಹೋಗಿ, ಡಬ್ಬಿ ಕಟ್ಟಿಕೊಂಡು ಹೋಗಿ. ಎರಡನೇ ಸಲ ರಕ್ತ ಕೊಟ್ಟ ಕೂಡಲೇ ತಿನ್ನಿ. ಡಬ್ಬಿಯಲ್ಲಿ ಚಿತ್ರಾನ್ನವೇ ಇದ್ದರೂ ಪರವಾಗಿಲ್ಲ. ಅಮ್ಮಂದಿರೇ, ಶೇಂಗಾ ಮಾತ್ರ ಕೈ ಬಿಚ್ಚಿ ಹಾಕಿ.